ಅಂದಾನಪ್ಪನ ಶಾಂಪೂ ಡ್ರಮ್ಮು

ಹಿಮ ಬೀಳುವ ಒಂದು ದೂರದ ಊರಿನಲ್ಲಿ ಅಂದಾನಪ್ಪ ಎಂಬವನು ಕಾರು ತೊಳೆಯುವ ಅಂಗಡಿ ಇಟ್ಟುಕೊಂಡಿದ್ದ. ಊರು ಕೆನಡಾ ದೇಶದ್ದು, ಅಂದಾನಪ್ಪ ಗದಗಿನ ಕಡೆಯವನು. ಅವನ ಅಂಗಡಿಯಲ್ಲಿ ಆಳುಗಳಿರಲಿಲ್ಲ. ಬಂದವರೇ ಯಂತ್ರಕ್ಕೆ ನಾಣ್ಯ ಹಾಕಬೇಕು, ಬಂದವರೇ ತೊಳೆದುಕೊಳ್ಳಬೇಕು. ಒಂದು ಮೂಲೆಯಲ್ಲಿ ಕಾರಿನೊಳಗಿನ ಸೀಟು, ಕಾರ್ಪೆಟ್ಟು ತಿಕ್ಕುವ ಶಾಂಪೂ ಯಂತ್ರವಿತ್ತು. ಗುಂಡಿ ಒತ್ತಿದರೆ ಉದ್ದನೆಯ ಪೈಪಿನ ತುದಿಯ ಬ್ರಷ್ಷಿನಿಂದ ನೊರೆ ಬರುತ್ತಿತ್ತು. ಆ ಶಾಂಪೂವಿನ ದೊಡ್ಡ ಡ್ರಮ್ಮು ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿತ್ತು.

ಹದಿನೆಂಟು ವರ್ಷದಿಂದ ಅಂದಾನಪ್ಪನೂ ಅವನ ಹೆಂಡತಿ ನೀಲವ್ವನೂ ಕೂಡಿಯೇ ಈ ಅಂಗಡಿ ನಡೆಸುತ್ತಿದ್ದರು. ಅಂದಾನಪ್ಪನಿಗೆ ಯಂತ್ರಗಳ ಹುಚ್ಚು. ಕೆಟ್ಟದ್ದನ್ನು ಬಿಚ್ಚಿ ಜೋಡಿಸುತ್ತಿದ್ದ, ಕೆಡದೆ ಇದ್ದದ್ದನ್ನೂ ಒಮ್ಮೊಮ್ಮೆ ಬಿಚ್ಚುತ್ತಿದ್ದ. ನೀಲವ್ವನಿಗೆ ಓದುವ ಚಟ. ಡಬ್ಬಿಯ ಮೇಲಿನ ಇರುವೆಯಷ್ಟು ಸಣ್ಣ ಅಕ್ಷರವನ್ನೂ ಕನ್ನಡಕ ಏರಿಸಿ ಓದದೆ ಬಿಡುವವಳಲ್ಲ. ಇಂಥ ಜೋಡಿ ಇದ್ದರೆ ಅಂಗಡಿ ಓಡುತ್ತದೆ. ಓಡುತ್ತಲೂ ಇತ್ತು.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಹೊಸ ಶಾಂಪೂ ಡ್ರಮ್ಮು ಬಂತು. ನೀಲವ್ವ ಅದರ ಮೇಲಿನ ಚೀಟಿಯನ್ನು ಪೂರ್ತಿ ಓದಿ ಗಂಡನ ಹತ್ತಿರ ಬಂದಳು.

"ರೀ, ಇದನ್ನ ಹೆಪ್ಪುಗಟ್ಟಾಕ ಬಿಡಬ್ಯಾಡ್ರಿ ಅಂತ ಬರದಾರ. ಥಂಡಿ ಬರೂದ್ರೊಳಗ ಡ್ರಮ್ಮು ಒಳಗಿನ ಬೆಚ್ಚನ ಖೋಲ್ಯಾಗ ಇಡೂಣು. ಪೈಪಿಗೆ ಬಿಸಿ ಆಗೂ ವಾಯರ್ ಸುತ್ತೂಣು. ಸಂಜಿಕ ಅಂಗಡಿ ಮುಚ್ಚೂ ಮುಂದ ಪೈಪಿನ್ಯಾಗ ಉಳದದ್ದನ್ನ ಬಸದ ಬಿಡೂಣು."

ಅಂದಾನಪ್ಪ ತಲೆ ಎತ್ತದೆ ಅಂದ, "ಹೆಪ್ಪುಗಟ್ಟಿದ್ರ ಏನಾತು? ನಮ್ಮೂರಾಗ ಥಂಡಿ ದಿನದಾಗ ಕೊಬ್ರಿ ಎಣ್ಣಿ ಗಟ್ಟಿ ಆಗ್ತಿದ್ದಿಲ್ಲೇನು? ಬಾಟ್ಲಿ ಬಿಸಲಾಗ ಇಟ್ರ ಕರಗ್ತಿತ್ತು. ಅದೇ ಎಣ್ಣಿ, ಅದೇ ವಾಸನಿ."

"ಎಣ್ಣಿ ಬ್ಯಾರೆ, ಇದು ಬ್ಯಾರೆ ಅಲ್ರೀ."

ಅಂದಾನಪ್ಪ ಇಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಆದರೆ ಎದುರಿಗೆ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ಜನ ಕಂಡರೆ ಕೆಲವರ ನಾಲಿಗೆಗೆ ರೆಕ್ಕೆ ಬರುತ್ತದೆ. ಅವನು ಅವರ ಕಡೆ ತಿರುಗಿ, ಅವರಿಗೆ ತಿಳಿಯುವ ಭಾಷೆಯಲ್ಲೇ, "ನೋಡಿದಿರಾ, ನನ್ನ ಹೆಂಡತಿ ಡಬ್ಬಿಯ ಚೀಟಿ ಓದಿ ಎಂಜಿನಿಯರ್ ಆಗಿಬಿಟ್ಟಿದ್ದಾಳೆ. ನಾಳೆಯಿಂದ ಅಂಗಡಿ ಅವಳಿಗೆ, ಅಡುಗೆಮನೆ ನನಗೆ" ಎಂದ.

ನಾಲ್ವರೂ ನಕ್ಕರು. ಅಂದಾನಪ್ಪನೂ ನಕ್ಕ. ನೀಲವ್ವ ನಗಲಿಲ್ಲ, ಅಳಲೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದರೆ ಸದ್ದಾದರೂ ಆಗುತ್ತದೆ. ಇಲ್ಲಿ ಸದ್ದೇ ಆಗಲಿಲ್ಲ. ಅಂದಿನಿಂದ ನೀಲವ್ವ ಕೆಲಸ ಬಿಡಲಿಲ್ಲ, ಊಟ ಬಡಿಸುವುದು ಬಿಡಲಿಲ್ಲ. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವುದನ್ನು ಮಾತ್ರ ಬಿಟ್ಟಳು. ಕೀಲಿ ಎಲ್ಲಿ ಎಂದರೆ ಮೊಳೆಗೆ, ಊಟ ಆಯಿತೇ ಎಂದರೆ ಆಯಿತು. ಗಂಡ ಹೆಂಡಿರ ಸಂಸಾರದಲ್ಲಿ ಸಿಹಿ ಇರುವುದು ಆ ಹೆಚ್ಚಿನ ಒಂದು ಮಾತಿನಲ್ಲೇ ಎಂಬುದು ಅಂದಾನಪ್ಪನಿಗೆ ಆಗ ಹೊಳೆಯಿತು. ಹೊಳೆದರೂ ತನ್ನ ಹಟ ಬಿಡಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪಕ್ಕದ ಊರಿನಲ್ಲಿ ನೀಲವ್ವನ ಗೆಳತಿಯೊಬ್ಬಳು ಬೇಕರಿ ನಡೆಸುತ್ತಿದ್ದಳು. ಬೆಳಗಾವಿಯವಳು. ನನ್ನ ಜೊತೆ ಕೆಲಸಕ್ಕೆ ಬಾ ಎಂದು ವರ್ಷಗಳಿಂದ ಕರೆಯುತ್ತಿದ್ದಳು, ನೀಲವ್ವ ನಕ್ಕು ತಳ್ಳಿಹಾಕುತ್ತಿದ್ದಳು. ಈ ಸಲ ತಳ್ಳಿಹಾಕಲಿಲ್ಲ. "ವರ್ಷ ಮುಗಿಯೂದ್ರೊಳಗ ಹೇಳ್ತೀನವ್ವಾ" ಎಂದು ಫೋನಿನಲ್ಲಿ ಹೇಳಿದ್ದು ಅಂದಾನಪ್ಪನ ಕಿವಿಗೆ ಬಿತ್ತು. ಅವನಿಗೆ ಹೆದರಿಕೆಯಾಯಿತು. ಅಂಗಡಿ ಒಬ್ಬನಿಂದ ನಡೆಯುವುದಿಲ್ಲವೆಂದಲ್ಲ. ಬೆಳಗಿನಿಂದ ಸಂಜೆವರೆಗೆ ಆಕೆ ಇಲ್ಲದ ಅಂಗಡಿಯನ್ನು ಅವನು ಒಂದು ದಿನವೂ ಕಂಡಿರಲಿಲ್ಲ.

ಡಿಸೆಂಬರ್ ಬಂತು. ಚಳಿ ಎಂದರೆ ಎಂಥ ಚಳಿ! ಬಾಯಿಂದ ಬಿಟ್ಟ ಉಸಿರು ಮೀಸೆಯ ಮೇಲೆ ಮಂಜಾಗುತ್ತಿತ್ತು. ಒಂದು ಬೆಳಿಗ್ಗೆ ಶಾಂಪೂ ಯಂತ್ರದ ಗುಂಡಿ ಒತ್ತಿದರೆ ನೊರೆ ಬರಲಿಲ್ಲ. ಶೆಡ್ಡಿಗೆ ಹೋಗಿ ನೋಡಿದರೆ ಡ್ರಮ್ಮು ಕಲ್ಲಾಗಿತ್ತು. ಅಂದಾನಪ್ಪ ಹೆಂಡತಿಗೆ ಹೇಳಲಿಲ್ಲ. ಕರೆಂಟಿನ ಹೀಟರ್ ತಂದು ಡ್ರಮ್ಮಿನ ಪಕ್ಕ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಕರಗಿತು. ಗುಂಡಿ ಒತ್ತಿದ, ನೊರೆ ಬಂತು. ಹೀಟರನ್ನು ಅಲ್ಲೇ ಬಿಟ್ಟು, "ಇಷ್ಟಕ್ಕ ಎಷ್ಟು ಗದ್ದಲ!" ಎಂದು ತನ್ನಷ್ಟಕ್ಕೆ ಅಂದುಕೊಂಡ. ಹೇಳಿಕೊಳ್ಳಲು ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ.

ಅದೇ ಉಮೇದಿನಲ್ಲಿ ಅಂದು ಸಂಜೆ ತಾನೇ ಈರುಳ್ಳಿ ಹೆಚ್ಚಿ, ಮಂಡಕ್ಕಿ ಕಲಸಿ ಗಿರಮಿಟ್ ಮಾಡಿ ಹೆಂಡತಿಯ ಮುಂದಿಟ್ಟ. ನೀಲವ್ವ ತಿಂದಳು. "ಖಾರ ಸರಿ ಆಗೇತ್ರಿ" ಎಂದಳು. ಎರಡು ತಿಂಗಳ ಮೇಲೆ ಕೇಳಿದ ಮೊದಲ ಹೆಚ್ಚಿನ ಮಾತು! ಮರುದಿನ ಚಳಿಯ ಬಗ್ಗೆ ಮಾತಾಡಿದಳು, ಅದರ ಮರುದಿನ ಹಿಟ್ಟಿನ ಬಗ್ಗೆ. ಇದೂ ಕರಗಿತು ಎಂದು ಅಂದಾನಪ್ಪ ಲೆಕ್ಕ ಹಾಕಿದ. ಬೇಕರಿಯ ವಿಷಯ ಮಾತ್ರ ಕೇಳಲಿಲ್ಲ. ಕೇಳಿದರೆ ಎಲ್ಲಿ ಮತ್ತೆ ಬಿಗಿದುಕೊಳ್ಳುತ್ತಾಳೋ ಎಂಬ ಅಳುಕು.

ನಾಲ್ಕನೆಯ ದಿನ ಯೋನಾಸ್ ಬಂದ. ಯೋನಾಸ್ ಎಂದರೆ ಟ್ಯಾಕ್ಸಿ ಓಡಿಸುವವನು, ಅವನೂ ಬೇರೆ ದೇಶದಿಂದ ಬಂದು ಇಲ್ಲಿ ಬೇರು ಬಿಟ್ಟವನು, ಹತ್ತು ವರ್ಷದ ಗಿರಾಕಿ. ಮೆತ್ತಗೆ ಮಾತಾಡುವ ಮನುಷ್ಯ. ಅಂದು ಮೆತ್ತಗಿರಲಿಲ್ಲ. ಟ್ಯಾಕ್ಸಿಯ ಹಿಂದಿನ ಬಾಗಿಲು ತೆಗೆದು, "ಕೈ ಇಟ್ಟು ನೋಡು" ಎಂದ.

ಅಂದಾನಪ್ಪ ಸೀಟಿನ ಮೇಲೆ ಕೈ ಇಟ್ಟ. ಅಂಟಿಕೊಂಡಿತು.

"ಮೊನ್ನೆ ನಿನ್ನ ಯಂತ್ರದಲ್ಲಿ ತಿಕ್ಕಿದ್ದು. ಇವತ್ತಿಗೂ ಒಣಗಿಲ್ಲ. ಇದ್ದ ಕೊಳೆ ಹೋಗಲಿಲ್ಲ, ಹೊಸ ಕೊಳೆ ಹತ್ತಿಕೊಂಡಿತು. ವಾರಕ್ಕೆ ಮೂರು ಸಲ ಒಬ್ಬ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಅವರ ಕೋಟಿಗೆಲ್ಲ ಅಂಟು. ಸೋಮವಾರದಿಂದ ಬೇರೆ ಟ್ಯಾಕ್ಸಿ ನೋಡಿಕೊಳ್ಳುತ್ತೇವೆ ಎಂದಿದ್ದಾಳೆ ಅವರ ಮಗಳು. ಏನು ಹಾಕಿದ್ದೀಯ ಇದರಲ್ಲಿ?"

ಹಿಂದೆ ಕೆಂಪು ಕಾರಿನಲ್ಲಿದ್ದ ಹೆಂಗಸು ಇಣುಕಿ, "ನನಗೆ ನಿನ್ನೆ ಬರೀ ನೀರು ಬಂತು. ಚೆಲ್ಲಿದ ಕಾಫಿಯ ಕಲೆ ಹಾಗೇ ಇದೆ" ಎಂದಳು.

ಒಂದೇ ಡ್ರಮ್ಮು, ಒಬ್ಬರಿಗೆ ಅಂಟು, ಇನ್ನೊಬ್ಬರಿಗೆ ನೀರು! ಅಂದಾನಪ್ಪ ಯೋನಾಸನನ್ನು ಕರೆದುಕೊಂಡು ಶೆಡ್ಡಿಗೆ ಹೋದ. ಕೆಂಪು ಕಾರಿನ ಹೆಂಗಸೂ ಬಂದಳು. ಗದ್ದಲ ಕೇಳಿ ನೀಲವ್ವನೂ ಬಂದು ಬಾಗಿಲಲ್ಲಿ ನಿಂತಳು. ಅಂದಾನಪ್ಪ ಮುಚ್ಚಳ ತೆಗೆದು ಉದ್ದನೆಯ ಕೋಲು ಇಳಿಬಿಟ್ಟ. ಮೇಲೆಲ್ಲ ತಿಳಿನೀರು. ತಳದಲ್ಲಿ ಕೋಲು ಕೆಸರಿಗೆ ಹೊಕ್ಕಂತೆ ಸಿಕ್ಕಿಕೊಂಡಿತು. ಹೆಪ್ಪುಗಟ್ಟಿದಾಗ ನೀರೂ ಸೋಪೂ ಬೇರೆಬೇರೆಯಾಗಿದ್ದವು. ಕರಗಿದ ಮೇಲೆ ನೀರು ಮೇಲೆ ನಿಂತು ಸೋಪು ತಳ ಹಿಡಿದಿತ್ತು. ಪೈಪು ಎಳೆಯುವುದು ತಳದಿಂದ. ಮೊದಲು ಬಂದವರಿಗೆ ಗಟ್ಟಿ ಸೋಪು ಸಿಕ್ಕಿತು, ಪೈಪಿನ ಬಾಯಿಯ ಸುತ್ತಲಿನದು ತೀರಿದ ಮೇಲೆ ಬಂದವರಿಗೆ ಬರೀ ನೀರು.

ನೀಲವ್ವ ಮೆಲ್ಲಗೆ ಅಂದಳು, "ಕರಗೇತಿ. ಕೂಡಿಲ್ಲ."

ಯೋನಾಸನಿಗೆ ಆ ಮಾತು ತಿಳಿಯಲಿಲ್ಲ. "ಹೇಗಾಯಿತು ಇದು?" ಎಂದು ಅಂದಾನಪ್ಪನನ್ನು ಕೇಳಿದ.

ಅಂದಾನಪ್ಪನ ನಾಲಿಗೆಯ ತುದಿಯಲ್ಲಿ ಒಂದು ಉತ್ತರ ಸಿದ್ಧವಾಗಿತ್ತು. ಕಂಪನಿಯವರು ಕೆಟ್ಟ ಮಾಲು ಕಳಿಸಿದ್ದಾರೆ ಎಂದರೆ ಮುಗಿಯಿತು. ಯೋನಾಸ್ ನಂಬುತ್ತಿದ್ದ, ಮರ್ಯಾದೆ ಉಳಿಯುತ್ತಿತ್ತು. ಬಾಯಿ ತೆರೆಯುವ ಮುಂಚೆ ಅವನು ಒಮ್ಮೆ ಹೆಂಡತಿಯ ಕಡೆ ನೋಡಿದ. ಆಕೆ ಅವನನ್ನು ನೋಡುತ್ತಿರಲಿಲ್ಲ. ಡ್ರಮ್ಮು ನೋಡುತ್ತಿದ್ದಳು. ಇವನು ಏನು ಹೇಳುತ್ತಾನೆಂದು ಕಾಯುವ ಮುಖ ಅದಾಗಿರಲಿಲ್ಲ. ಏನು ಹೇಳುತ್ತಾನೆಂದು ಆಗಲೇ ಗೊತ್ತಿರುವ ಮುಖವಾಗಿತ್ತು.

"ತಪ್ಪು ನನ್ನದು," ಎಂದ, ಅಲ್ಲಿದ್ದವರಿಗೆಲ್ಲ ತಿಳಿಯುವ ಭಾಷೆಯಲ್ಲೇ. "ಇದನ್ನು ಹೆಪ್ಪುಗಟ್ಟಲು ಬಿಡಬಾರದು ಎಂದು ನನ್ನ ಹೆಂಡತಿ ಅಕ್ಟೋಬರಿನಲ್ಲೇ ಹೇಳಿದ್ದಳು. ಏನು ಮಾಡಬೇಕೆಂದೂ ಹೇಳಿದ್ದಳು. ನಾನು ಕೇಳಲಿಲ್ಲ. ಕೇಳದೆ ಇದ್ದದ್ದಷ್ಟೇ ಅಲ್ಲ, ಜನರ ಮುಂದೆ ಅವಳನ್ನು ನಗೆಪಾಟಲು ಮಾಡಿದೆ."

ಅಂದಾನಪ್ಪ ಬಿಸಿನೀರು ತಂದು, ಯೋನಾಸನ ಸೀಟನ್ನು ತಾನೇ ಮೊಣಕಾಲೂರಿ ತೊಳೆದ. ಆಮೇಲೆ ಕೆಂಪು ಕಾರಿನ ಕಲೆ ತೆಗೆದ. ಅಜ್ಜಿಯ ಮಗಳಿಗೆ ಫೋನು ಮಾಡಿ, ಯೋನಾಸನದು ತಪ್ಪಲ್ಲ, ನನ್ನದು ಎಂದು ಹೇಳಿದ. ಆಕೆ ಸ್ವಲ್ಪ ಗೊಣಗಿ, ಸೋಮವಾರ ಯೋನಾಸನೇ ಬರಲಿ ಎಂದಳು.

ಇಲ್ಲಿಗೇ ಕಥೆ ಮುಗಿಯಿತು ಅಂದುಕೊಂಡಿರಾ? ಅಂದಾನಪ್ಪನೂ ಹಾಗೇ ಅಂದುಕೊಂಡಿದ್ದ.

ಮಧ್ಯಾಹ್ನ ಗಂಡ ಹೆಂಡತಿ ಸೇರಿ ಡ್ರಮ್ಮನ್ನು ಒಳಗಿನ ಬೆಚ್ಚನೆಯ ಕೋಣೆಗೆ ಉರುಳಿಸಿ ತಂದರು. ಪೈಪಿಗೆ ಬಿಸಿಯ ವಾಯರ್ ಸುತ್ತಿದರು. ಆಮೇಲೆ ಅಂದಾನಪ್ಪ ಕೋಲು ಹಿಡಿದು ಶಾಂಪೂ ಕಲಕತೊಡಗಿದ. ಐದು ನಿಮಿಷ ಕಲಕಿದ.

"ಸಾಕಲ್ಲ?"

"ಸಾಲದ್ರಿ. ತಳಾ ಇನ್ನೂ ಮುಟ್ಟಿಲ್ಲ."

ಮತ್ತೆ ಕಲಕಿದ. ಕೈ ಸೋತಿತು. ಆಗ ಅವನಿಗೆ ಏನನ್ನಿಸಿತೋ, ಕೋಲು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಆದದ್ದಾತು, ಬಿಟ್ಟುಬಿಡು ಎಂದು ಹೇಳಬೇಕೆಂದಿದ್ದವನು ಅದನ್ನು ನುಂಗಿಕೊಂಡು ಕೇಳಿದ, "ನೀಲಾ, ನಿನ್ನ ಮನಸಿನ್ಯಾಗ ಇನ್ನೂ ಏನರ ಉಳದೇತೇನು? ಇದ್ರ ಹೇಳು."

ನೀಲವ್ವ ಅವನ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿಟ್ಟಳು.

"ಉಳದೇತ್ರಿ," ಎಂದಳು. "ಅಂಗಡಿ ಬೋರ್ಡಿನ ಮ್ಯಾಲೆ ನಿಮ್ಮ ಹೆಸರಷ್ಟ ಬರಸೀರಿ. ಬಣ್ಣದ ಡಬ್ಬಿ ಹಿಡಕೊಂಡು ಕೆಳಗ ನಿಂತಾಕಿ ನಾನು. ಕಸಾ ಎಳಿಯೂ ಮಶೀನು ಬಾಗಲ ಹತ್ರ ಇಡೂಣು ಅಂತ ನಾ ಹೇಳಿದ್ದು. ಗಿರಾಕಿ ಹೆಚ್ಚಾದ ಮ್ಯಾಲೆ ಎಲ್ಲಾರ ಮುಂದ ಅದು ನಿಮ್ಮ ಐಡಿಯಾ ಆತು. ನಮ್ಮವ್ವ ತೀರಿಕೊಂಡಾಗ ಅವತ್ತೇ ವಿಮಾನದ ಟಿಕೀಟ ತಗದ್ರಿ. ಖರೆ, ಅದನ್ನ ಮರತಿಲ್ಲ. ಆದ್ರ ನನ್ನ ಬಾಜೂಕ ಕುಂತು ಒಂದ್ ಮಾತ ಆಡ್ಲಿಲ್ಲ. ಸ್ಕ್ರೂ ಬಿಚಗೋತ ಕುಂತ್ರಿ."

ಇನ್ನೂ ಹೇಳಿದಳು. ಒಂದು ತಾಸು ಹೇಳಿದಳು. ದೊಡ್ಡವು ಕಡಿಮೆ, ಸಣ್ಣವು ಬಹಳ. ಅಂದಾನಪ್ಪನ ಬಾಯಿಗೆ ಹತ್ತಾರು ಸಲ "ಆದ್ರ" ಎಂಬ ಮಾತು ಬಂತು. ಹತ್ತಾರು ಸಲವೂ ಅದನ್ನು ಒಳಗೇ ಇಟ್ಟುಕೊಂಡ. ಅವನು ಬಿಚ್ಚಿ ಜೋಡಿಸಿದ ಯಂತ್ರಗಳಲ್ಲಿ ಯಾವುದೂ ಅವನಿಗೆ ಇಷ್ಟು ಕಷ್ಟ ಕೊಟ್ಟಿರಲಿಲ್ಲ. ಕೊನೆಗೆ, "ನಿಮ್ಮವ್ವ ಹೋದಾಗ ನನಗ ಏನ್ ಆಡಬೇಕು ತಿಳೀಲಿಲ್ಲ. ಆಡಬೇಕಿತ್ತು. ತಪ್ಪಾತು" ಎಂದಷ್ಟೇ ಹೇಳಿದ. ಅವನ ಕಣ್ಣು ತುಂಬಿತ್ತು. ನೀಲವ್ವ ಈಗ ಅತ್ತಳು.

ಶಾಂಪೂ ಕೂಡಿತು. ಮೊದಲಿನಷ್ಟು ನೊರೆ ಬರಲಿಲ್ಲವಾದ್ದರಿಂದ ಅದನ್ನು ತಮ್ಮ ಅಂಗಡಿಯ ಚಾಪೆ ತೊಳೆಯಲು ಇಟ್ಟುಕೊಂಡು, ಗಿರಾಕಿಗಳಿಗೆ ಹೊಸ ಡ್ರಮ್ಮು ತರಿಸಿದರು.

ವರ್ಷದ ಕಡೆಯ ದಿನ ಬೇಕರಿಯ ಗೆಳತಿಯೇ ಫೋನು ಮಾಡಿದಳು. ಅಂದಾನಪ್ಪ ಅಲ್ಲೇ ಇದ್ದ. ಎದ್ದು ಹೊರಗೆ ಹೋಗಲು ಕಾಲು ಬರಲಿಲ್ಲ, ಕೂತು ಕೇಳಲು ಧೈರ್ಯ ಬರಲಿಲ್ಲ.

"ಇಲ್ಲವ್ವಾ, ನಾ ಬರೂದಿಲ್ಲ," ಎಂದಳು ನೀಲವ್ವ. ಯಾಕೆ ಎಂದು ಆ ಕಡೆಯಿಂದ ಕೇಳಿರಬೇಕು. "ಇಲ್ಲೇ ನನ್ನ ಮಾತಿಗೆ ಬೆಲಿ ಸಿಕ್ಕೇತಿ."

ನೀತಿ: ಹೆಪ್ಪುಗಟ್ಟಿದ ಮನಸ್ಸು ಕರಗಿದ ಮಾತ್ರಕ್ಕೆ ಕೂಡಿತೆಂದು ತಿಳಿಯಬಾರದು. ತಪ್ಪನ್ನು ಒಪ್ಪಿಕೊಂಡು, ತಳದಲ್ಲಿ ಕುಳಿತ ನೋವನ್ನು ತಾಳ್ಮೆಯಿಂದ ಕೇಳಿಸಿಕೊಂಡರೆ ಮಾತ್ರ ಅದು ಕೂಡುತ್ತದೆ. ಅದಕ್ಕಿಂತ ಸುಲಭದ ದಾರಿಯೂ ಒಂದಿದೆ. ಚಳಿ ಬರುವ ಮೊದಲೇ ಬಲ್ಲವರ ಮಾತು ಕೇಳುವುದು, ಆ ಬಲ್ಲವರು ನಮ್ಮ ಮನೆಯವರೇ ಆಗಿದ್ದರೂ.