ಜೈಲಿನ ಹೊಲದ ಕೊಟ್ರಯ್ಯ

“ಅಜ್ಜನವರೇ, ಪ್ರೀತಿಯಿಂದ ಒಬ್ಬರನ್ನು ಹತ್ತಿರ ಉಳಿಸಿಕೊಂಡರೆ ತಪ್ಪಾಗುತ್ತದೆಯೇ?” ಎಂದು ಮರಿದೇವ ಮಠದ ಗುರುಗಳನ್ನು ಕೇಳಿದ.

ಮರಿದೇವ ಮಠದ ದಾಸೋಹದ ಹೊಣೆ ಹೊತ್ತ ಶಿಷ್ಯ. ಅವನ ಕೈಕೆಳಗೆ ಪಂಪಣ್ಣ ಎಂಬ ಅಡುಗೆಯವನಿದ್ದ. ಹೆಂಡತಿಯ ಊರಿಗೆ ಹೋಗಿ ಸ್ವಂತದ್ದೊಂದು ಖಾನಾವಳಿ ತೆರೆಯಬೇಕೆಂದು ಪಂಪಣ್ಣನ ಆಸೆ. ಮರಿದೇವ ಅವನನ್ನು ಹೋಗಗೊಟ್ಟಿರಲಿಲ್ಲ. ಇದು ಗುರುಗಳಿಗೂ ಗೊತ್ತಿತ್ತು.

ಗುರುಗಳು ಸ್ವಲ್ಪ ಸರಿದು ಶಿಷ್ಯನಿಗೆ ಕಂಬಳಿಯ ಮೇಲೆ ಜಾಗ ಮಾಡಿಕೊಟ್ಟರು.

“ಕುಳಿತುಕೋ. ಒಬ್ಬ ಮೇಲ್ವಿಚಾರಕನ ಕತೆ ಹೇಳುತ್ತೇನೆ” ಎಂದರು.

ಒಂದು ಊರಿನ ಹೊರಗೆ, ಹೊಳೆಯ ದಂಡೆಯಲ್ಲಿ, ಜೈಲಿಗೆ ಸೇರಿದ ಹೊಲವಿತ್ತು. ಅದಕ್ಕೆ ಗೋಡೆ ಇರಲಿಲ್ಲ, ತಂತಿಬೇಲಿ ಮಾತ್ರ. ಶಿಕ್ಷೆಯ ಹೆಚ್ಚು ಭಾಗ ಕಳೆದ ಕೈದಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಅವರು ಬದನೆ, ಮೆಣಸಿನಕಾಯಿ, ಉಳ್ಳಾಗಡ್ಡಿ ಬೆಳೆಯಬೇಕು. ಬೆಳೆದದ್ದು ಜೈಲಿನ ಅಡುಗೆಮನೆಗೂ ಊರಿನ ಆಸ್ಪತ್ರೆಗೂ ಹೋಗಬೇಕು.

ಅಲ್ಲಿಗೆ ಬಂದ ಮೇಲ್ವಿಚಾರಕರೆಲ್ಲ ಬದುವಿನ ಮೇಲೆ ನಿಂತು ಸೀಟಿ ಊದುತ್ತಿದ್ದರು. ಸೀಟಿ ಕೇಳಿದಷ್ಟು ಹೊತ್ತು ಕೈದಿಗಳು ಬಗ್ಗುತ್ತಿದ್ದರು, ಸದ್ದು ನಿಂತ ಕೂಡಲೇ ನೆಟ್ಟಗಾಗುತ್ತಿದ್ದರು. ಬೆಳಿಗ್ಗೆ ನೆಟ್ಟ ಸಸಿ ಸಂಜೆಗೆ ಬಾಡುತ್ತಿತ್ತು. ಬಾಡಿದ್ದಕ್ಕೆ ಬೈಗುಳ ಬೀಳುತ್ತಿತ್ತು. ಮರುದಿನ ಮತ್ತೆ ಅದೇ.

ಆಮೇಲೆ ಕೊಟ್ರಯ್ಯ ಎಂಬ ಮೇಲ್ವಿಚಾರಕ ಬಂದ. ಅವನು ಒಂಟಿ ಮನುಷ್ಯ. ಹೊಲದ ಅಂಚಿನ ಸರ್ಕಾರಿ ಕೋಣೆಯಲ್ಲಿ ವಾಸ. ಅವನು ಸೀಟಿಯನ್ನು ಮೊಳೆಗೆ ತೂಗುಹಾಕಿ ಕೆಸರಿಗೆ ಇಳಿದ. ಕೈದಿಗಳಿಗೆ ಬಂದ ರೊಟ್ಟಿಯನ್ನೇ ಅವರ ಸಾಲಿನಲ್ಲಿ ಕುಳಿತು ತಿಂದ. ಯಾರಾದರೂ ಕಾಣದಿದ್ದರೆ, “ಅವನು ಉಂಡನೋ ಇಲ್ಲವೋ ನೋಡ್ರಪ್ಪಾ” ಎನ್ನುತ್ತಿದ್ದ. ಒಂದು ಸುಗ್ಗಿ ಕಳೆಯುವುದರೊಳಗೆ ಹೊಲ ಹಸಿರಾಯಿತು.

ಆ ಕೈದಿಗಳಲ್ಲಿ ಯಮನೂರಪ್ಪ ಎಂಬವನಿದ್ದ. ಕಾಲುವೆ ನೀರಿನ ಜಗಳದಲ್ಲಿ ಸಿಟ್ಟು ನೆತ್ತಿಗೇರಿ ಪಕ್ಕದ ಹೊಲದವನಿಗೆ ಸಲಿಕೆಯಿಂದ ಹೊಡೆದಿದ್ದ. ಆ ಮನುಷ್ಯ ಸತ್ತುಹೋಗಿದ್ದ. ಹಾಗಾಗಿ ಹಿಂದಿನವರು ಯಾರೂ ಇವನ ಕೈಗೆ ಸಲಿಕೆ ಕೊಡುತ್ತಿರಲಿಲ್ಲ. ಬುಟ್ಟಿಯಲ್ಲಿ ಗೊಬ್ಬರ ಹೊರುವುದಷ್ಟೇ ಅವನ ಕೆಲಸವಾಗಿತ್ತು.

ಕೊಟ್ರಯ್ಯ ಅವನಿಗೆ ಸಲಿಕೆ ಚಾಚಿದ. ಯಮನೂರಪ್ಪ ಕೈ ಹಿಂದೆ ಕಟ್ಟಿಕೊಂಡ.

“ಸಾಹೇಬ್ರ, ಇದು ನನ್ನ ಕೈಗೆ ಬ್ಯಾಡ್ರಿ.”

“ಬದನೆಗೆ ನೀರು ತಿರುವಬೇಕಲ್ಲೋ. ಬರಿಗೈಲಿ ಆಗ್ತದೇನು?” ಎಂದ ಕೊಟ್ರಯ್ಯ. ಸಲಿಕೆಯನ್ನು ನೆಲದ ಮೇಲಿಟ್ಟು, ಅವನಿಗೆ ಬೆನ್ನು ಮಾಡಿ, ಬಗ್ಗಿ ಕಳೆ ಕೀಳತೊಡಗಿದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಮಣ್ಣು ಎಳೆಯುವ ಸದ್ದು ಬಂತು. ಅವನು ತಿರುಗಿ ನೋಡಲಿಲ್ಲ.

ಅಂದಿನಿಂದ ಆ ಹೊಲಕ್ಕೆ ಯಮನೂರಪ್ಪನೇ ಜೀವವಾದ. ಹೊಸದಾಗಿ ಬಂದ ಕೈದಿಗಳಿಗೆ ಕೆಲಸ ಕಲಿಸಿದ. ಇಬ್ಬರು ಜಗಳಕ್ಕೆ ನಿಂತರೆ ನಡುವೆ ಹೋಗಿ ನಿಲ್ಲುತ್ತಿದ್ದ. ಮಾತೇನೂ ಆಡುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ. ಅಷ್ಟಕ್ಕೇ ಜಗಳ ತಣ್ಣಗಾಗುತ್ತಿತ್ತು.

ಒಮ್ಮೆ ಕೊಟ್ರಯ್ಯನಿಗೆ ಜ್ವರ ಬಂತು. ಕೈದಿಗಳು ಅಧಿಕಾರಿಯ ಕೋಣೆಯೊಳಗೆ ಕಾಲಿಡುವಂತಿಲ್ಲ. ಯಮನೂರಪ್ಪ ಅಂಬಲಿ ಕಾಯಿಸಿ ತಂದು ಕಿಟಕಿಯ ಸರಳಿನ ನಡುವೆ ಲೋಟ ಚಾಚಿದ. “ಈಗ ಒಳಗಿರೋರು ನೀವು, ಸಾಹೇಬ್ರ” ಎಂದ. ಕೊಟ್ರಯ್ಯ ಜ್ವರದಲ್ಲೂ ನಕ್ಕು ಅಂಬಲಿ ಚೆಲ್ಲಿಕೊಂಡ. ಅವನು ಏಳುವವರೆಗೂ ಯಮನೂರಪ್ಪ ಆ ಕಿಟಕಿಯನ್ನು ಬಿಟ್ಟು ದೂರ ಹೋಗಲಿಲ್ಲ. ಒಡಹುಟ್ಟಿದವರಿಲ್ಲದ ಕೊಟ್ರಯ್ಯನಿಗೆ ಅವನು ತಮ್ಮನಂತಾದ.

ಹೀಗಿರುವಾಗ ಮೇಲಧಿಕಾರಿಯೊಬ್ಬರು ಹೊಲ ನೋಡಲು ಬಂದರು. ಸನ್ನಡತೆಯ ಕೈದಿಗಳನ್ನು ಅವಧಿಗೆ ಮೊದಲೇ ಬಿಡುವ ವಿಚಾರ ನಡೆದಿತ್ತು. ಅವರು ಬದುವಿನ ಮೇಲೆ ನಡೆಯುತ್ತಾ ಕೇಳಿದರು: “ಯಮನೂರಪ್ಪನನ್ನು ಬಿಡಬಹುದೇನ್ರೀ?”

ಯಮನೂರಪ್ಪನಿಲ್ಲದ ಹೊಲ ಕೊಟ್ರಯ್ಯನ ಕಣ್ಣ ಮುಂದೆ ಬಂತು. ಅವನಿಲ್ಲದ ಸಂಜೆಯೂ ಬಂತು.

“ಇನ್ನೂ ಸ್ವಲ್ಪ ಕಾಲ ಇಲ್ಲೇ ಇರಲಿ ಸಾರ್. ಅವನಲ್ಲಿ ಸಿಟ್ಟು ಪೂರ್ತಿ ಇಳಿದಿಲ್ಲ. ಊರಿಗೆ ಹೋದಮೇಲೆ ಯಾರಾದರೂ ಕೆಣಕಿದರೆ ಕಷ್ಟ” ಎಂದ.

ಹೇಳುವಾಗ ಅದು ಅವನಿಗೆ ಸುಳ್ಳು ಅನ್ನಿಸಲಿಲ್ಲ. ಯಮನೂರಪ್ಪನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದುಕೊಂಡ. ಅಧಿಕಾರಿ ತಲೆಯಾಡಿಸಿ ಮುಂದೆ ನಡೆದರು.

ಬಿಡುಗಡೆಯ ದಿನ ಕೆಲವರ ಹೆಸರು ಕೂಗಿದರು. ಯಮನೂರಪ್ಪನ ಹೆಸರು ಬರಲಿಲ್ಲ. ಅವನು ಹೋಗುವವರ ಗಂಟುಗಳನ್ನು ಗೇಟಿನವರೆಗೆ ಹೊತ್ತುಕೊಟ್ಟ. ಅಲ್ಲಿ ಕಾವಲುಗಾರನೊಬ್ಬ, “ನಿಮ್ಮ ಸಾಹೇಬರೇ ಬೇಡ ಅಂದರಂತೆ, ನಿನ್ನ ಸಿಟ್ಟು ಇನ್ನೂ ಇಳಿದಿಲ್ಲವಂತೆ” ಎಂದು ಅವನ ಕಿವಿಗೆ ಹಾಕಿದ. ಯಮನೂರಪ್ಪ ಹೊಲಕ್ಕೆ ಮರಳಿದ.

ಕೊಟ್ರಯ್ಯ ಅವನನ್ನು ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಕಂಡ. ಹೊಸ ಹೊದಿಕೆ ತರಿಸಿಕೊಟ್ಟ. ತನ್ನ ಪಾಲಿನ ಬೆಲ್ಲವನ್ನೂ ಅವನ ತಟ್ಟೆಗೆ ಹಾಕಿದ. ಆದರೆ ಯಮನೂರಪ್ಪ ಸಲಿಕೆಯನ್ನು ಬೇರೆಯವನಿಗೆ ಕೊಟ್ಟು ಮತ್ತೆ ಗೊಬ್ಬರದ ಬುಟ್ಟಿ ಹಿಡಿದಿದ್ದ. ಜಗಳ ನಡೆದರೆ ದೂರ ಸರಿದು ಹೋಗುತ್ತಿದ್ದ. ವಯಸ್ಸಾಯಿತು, ದಣಿದಿದ್ದಾನೆ ಎಂದು ಕೊಟ್ರಯ್ಯ ತಿಳಿದ.

ಒಂದು ದಿನ ಯಮನೂರಪ್ಪನ ಮಗಳು ಹುಲಿಗೆಮ್ಮ ಅಪ್ಪನನ್ನು ನೋಡಲು ಬಂದಳು. ಆಗತಾನೆ ನಡೆಯಲು ಕಲಿತ ಮಗಳನ್ನು ಕರೆತಂದಿದ್ದಳು. ಮಗು ತಪ್ಪುಹೆಜ್ಜೆ ಇಡುತ್ತಾ ಅಜ್ಜನ ಕಡೆ ಹೋಯಿತು. ಯಮನೂರಪ್ಪ ಎದ್ದು ಹಿಂದೆ ಸರಿದ. ಮಗು ಮತ್ತೆ ಹತ್ತಿರ ಹೋಯಿತು, ಅವನು ಮತ್ತೆ ಸರಿದ. ಕೊನೆಗೆ, “ಇನ್ನು ಮ್ಯಾಲೆ ಇದನ್ನ ಕರಕೊಂಡು ಬರಬ್ಯಾಡವ್ವಾ” ಎಂದು ಹೇಳಿ ಹೊಲದೊಳಗೆ ಹೋಗಿಬಿಟ್ಟ.

ಹುಲಿಗೆಮ್ಮ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಕೊಟ್ರಯ್ಯನ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು.

“ಸಾಹೇಬ್ರ, ಸತ್ತವನ ಅಣ್ಣಾರ ನಮ್ಮನಿಗೆ ಬಂದು, ಆಗಿದ್ದು ಆಗಿಹೋತು, ನಿಮ್ಮಪ್ಪ ಬರಲಿ ಅಂದು ಹೋಗ್ಯಾರ. ನಮ್ಮಪ್ಪಗ ಏನಾತ್ರಿ? ಮಗೂನ ಮುಟ್ಟವಲ್ಲ.”

ಕೊಟ್ರಯ್ಯ ಅವಳನ್ನು ಕುಳ್ಳಿರಿಸಿ ಹೊಲಕ್ಕೆ ಹೋದ. ಯಮನೂರಪ್ಪ ಮೆಣಸಿನ ಸಾಲಿನ ನಡುವೆ ಸುಮ್ಮನೆ ಕುಳಿತಿದ್ದ.

“ಯಾಕೋ ಯಮನೂರಾ, ಮೊಮ್ಮಗಳನ್ನ ಎತ್ತಿಕೊಳ್ಳಲಿಲ್ಲ?”

“ನನ್ನ ಸಿಟ್ಟು ಹೋಗೇತಿ ಅಂತ ತಿಳಕೊಂಡಿದ್ದೆ ಸಾಹೇಬ್ರ. ಒಳಗ ಎಲ್ಲೋ ಐತಿ ಅಂತ ನೀವು ಹೇಳಿದ್ರಂತ. ನೀವು ನನ್ನ ದಿನಾ ನೋಡೋರು. ನಿಮಗ ಕಂಡಿದ್ದು ಸುಳ್ಳಾಗ್ತದೇನ್ರಿ? ಎಳೇ ಕೂಸು. ಸಿಟ್ಟು ಯಾವಾಗ ಎದ್ದು ಬರ್ತದೋ ಅಂತ ಹೆದರಿಕಿ.”

ಅವನು ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಅವನು ಬೈದಿದ್ದರೆ ಕೊಟ್ರಯ್ಯ ತಡೆದುಕೊಳ್ಳಬಹುದಿತ್ತು. ಈ ನಂಬಿಕೆಯನ್ನು ತಡೆದುಕೊಳ್ಳಲಾಗಲಿಲ್ಲ. ಅವನು ತಿರುಗಿ ಓಡಿದ. ಹುಲಿಗೆಮ್ಮನ ಸೊಂಟದಿಂದ ಮಗುವನ್ನು ಎತ್ತಿಕೊಂಡು, ಸಸಿಗಳನ್ನು ತುಳಿಯುತ್ತಾ ನೆಟ್ಟಗೆ ಹೊಲದ ನಡುವೆ ಬಂದ. ಕೈದಿಗಳೆಲ್ಲ ಕೆಲಸ ನಿಲ್ಲಿಸಿ ನೋಡಿದರು.

“ಎಲ್ಲಾರೂ ಕೇಳ್ರಿ” ಎಂದು ಕೂಗಿದ. “ಇವನಲ್ಲಿ ಸಿಟ್ಟು ಐತಿ ಅಂತ ನಾನು ಹೇಳಿದ್ದು ಸುಳ್ಳು. ಇವನು ಹೋದರೆ ನನಗೆ ಆಗೋದಿಲ್ಲ ಅಂತ ಹಾಗೆ ಹೇಳಿದೆ. ಹಿಡಿಯೋ ಯಮನೂರಾ, ನಿನ್ನ ಕೂಸನ್ನ ಹಿಡಿ.”

ಯಮನೂರಪ್ಪ ಅವನ ಮುಖ ನೋಡಿದ. ಆಮೇಲೆ ಕೈಗಳನ್ನು ಧೋತರಕ್ಕೆ ಒರೆಸಿಕೊಂಡ. ಒರೆಸಿದ್ದು ಸಾಲದೆಂದು ಕಾಲುವೆಗೆ ಹೋಗಿ ತೊಳೆದು ಬಂದ. ಮಗುವನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡ. ಮಗು ಅವನ ಮೀಸೆ ಹಿಡಿದು ಎಳೆಯಿತು. ಅವನು ಅಳುತ್ತಿದ್ದ, ಮೀಸೆ ಬಿಡಿಸಿಕೊಳ್ಳಲಿಲ್ಲ.

ಕೊಟ್ರಯ್ಯ ಅದೇ ದಿನ ಬಸ್ಸು ಹತ್ತಿ ಮೇಲಧಿಕಾರಿಯ ಬಳಿಗೆ ಹೋದ. ತಾನು ಹೇಳಿದ್ದು ಯಾಕೆ ಎಂಬುದನ್ನು ಮುಚ್ಚಿಡದೆ ಹೇಳಿದ. ಅವರು ಕಟುವಾಗಿ ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಮುಂದಿನ ಸಲ ಬಿಡುವವರಲ್ಲಿ ಯಮನೂರಪ್ಪನ ಹೆಸರು ಬಂತು. ಅವನು ಹೊರಡುವ ದಿನ ಕೊಟ್ರಯ್ಯ ತಾನೇ ಗಂಟು ಹೊತ್ತು ಬಸ್ಸಿನವರೆಗೆ ಬಂದ. ಬಸ್ಸು ಹೊರಟಮೇಲೆ ಯಮನೂರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಬದನಿಗೆ ಹುಳ ಬೀಳೋ ಕಾಲ ಬಂತ್ರಿ, ನೋಡಿಕೊಳ್ರಿ” ಎಂದು ಕೂಗಿದ.

ಹುಳ ಬಿದ್ದೇ ಬಿದ್ದಿತು. ಆ ವರ್ಷ ಹೊಲ ಸೊರಗಿತು. ಕೊಟ್ರಯ್ಯ ಹೊಸ ಕೈದಿಗಳನ್ನು ಕಟ್ಟಿಕೊಂಡು ಮೊದಲಿನಿಂದ ಶುರು ಮಾಡಿದ. ಆಗಾಗ ಯಮನೂರಪ್ಪ ಊರಿನಿಂದ ಬಂದು ಹೋಗುತ್ತಿದ್ದ. ಇಬ್ಬರೂ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರು. ಹೊತ್ತು ಇಳಿಯುವ ಮೊದಲೇ ಕೊಟ್ರಯ್ಯ ಅವನನ್ನು ಎಬ್ಬಿಸುತ್ತಿದ್ದ. “ಏಳು, ಮನೆಯವರು ಕಾಯ್ತಿರ್ತಾರೆ” ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ದಾಸೋಹದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅವರು ಶಿಷ್ಯನ ಬೆನ್ನ ಮೇಲೆ ಕೈಯಿಟ್ಟು, ಮೆಲ್ಲನೆ ಕೇಳಿದರು:

“ಮರಿದೇವಾ, ಪಂಪಣ್ಣನನ್ನು ನಿಲ್ಲಿಸಲು ನೀನು ಅವನಿಗೆ ಏನು ಹೇಳಿದೆ?”

ಮರಿದೇವ ಎದ್ದು, ಪಂಪಣ್ಣನನ್ನು ಕಾಣಲು ದಾಸೋಹದ ಮನೆಯ ಕಡೆ ನಡೆದ.