ತುಂಬಿದ ಅಚ್ಚೇರು

ಹೊಳೆದಂಡೆಯ ಮಠವೊಂದಕ್ಕೆ ಚನಮಲ್ಲಪ್ಪ ಎಂಬ ಕಾಳಿನ ವ್ಯಾಪಾರಿ ಬಂದ. ಬರುವ ಮೊದಲೇ ಅಂಗಡಿಯನ್ನು ತಮ್ಮನಿಗೂ ಹೊಲವನ್ನು ಮಠಕ್ಕೂ ಬರೆದುಕೊಟ್ಟಿದ್ದ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಚನಮಲ್ಲಪ್ಪ ಅವರ ಕಾಲಿಗೆ ಬಿದ್ದು ಕೇಳಿದ.

“ಅಜ್ಜಾರ, ಇದ್ದಾಗ ಸುಖ ಸಿಗಲಿಲ್ಲ. ಕೊಟ್ಟ ಮ್ಯಾಲೂ ಸಿಗವಲ್ದು. ಎಲ್ಲೈತ್ರೀ ಅದು?”

“ಅಳತಿ ಬರ್ತೈತೇನು?”

“ಮೂವತ್ತು ವರ್ಷ ಅದನ್ನ ಮಾಡೇನ್ರೀ.”

“ಹಂಗಾರ ದಿನಾ ಮುಂಜಾನೆ ಜೋಳ ಅಳದು ಕೊಡು. ತುಂಬಿ ಕೊಡು. ಸುಖ ತಾನಾಗೇ ಬರ್ತೈತಿ.”

ಹೊಳೆ ಪಕ್ಕದ ಗುಡಿಸಲುಗಳಲ್ಲಿ ದಿಕ್ಕಿಲ್ಲದ ಹನ್ನೆರಡು ಮುದುಕಿಯರಿದ್ದರು. ಒಬ್ಬೊಬ್ಬರಿಗೂ ದಿನಕ್ಕೆ ಒಂದು ಅಚ್ಚೇರು, ಅಂದರೆ ಅರ್ಧ ಸೇರು ಜೋಳ. ಚನಮಲ್ಲಪ್ಪ ಅಳೆದ. ಸುರಿದ. ಅವರು ಕೈಮುಗಿದು ಹೋದರು.

ಆರು ತಿಂಗಳಾಯಿತು. ಸುಖ ಆ ಕಡೆ ಸುಳಿಯಲಿಲ್ಲ. ಬೆಳಗಾದರೆ ಊರಿಗೆ ಹೊರಟುಬಿಡುವುದು ಎಂದು ಅವನು ಗಂಟು ಕಟ್ಟಿದ.

ಅಂದು ಸಂಜೆ ಅಜ್ಜಾರು ಹೆಗಲ ಮೇಲಿನ ವಲ್ಲಿಯಲ್ಲಿ ಏನನ್ನೋ ಮುಚ್ಚಿಕೊಂಡು ಗುಡಿಸಲುಗಳ ಕಡೆ ನಡೆದದ್ದು ಕಣ್ಣಿಗೆ ಬಿತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ತಾನು ಕೊಟ್ಟ ಹೊಲದ ಜೋಳ ಕಳುವಾಗಿ ಹೋಗುತ್ತಿದೆ ಎಂದೇ ಅವನಿಗೆ ಅನಿಸಿತು. ಬೆನ್ನು ಹತ್ತಿದ.

ಅಜ್ಜಾರು ಒಂದೊಂದೇ ಬಾಗಿಲಲ್ಲಿ ನಿಂತು ಒಂದೊಂದು ಸಣ್ಣ ಹಿಡಿ ಜೋಳ ಹಾಕುತ್ತ ಬಂದರು. ಕೊನೆಯದು ನಿಂಬವ್ವ ಎಂಬ ಮುದುಕಿಯ ಗುಡಿಸಲು. ಚನಮಲ್ಲಪ್ಪನಿಗೆ ತಡೆಯಲಾಗಲಿಲ್ಲ.

“ಇದೇನ್ರೀ ಅಜ್ಜಾರ? ಮುಂಜಾನೆ ನಾ ತುಂಬಿ ಅಳದೇನಲ್ರೀ!”

ಅಜ್ಜಾರು ನಿಂಬವ್ವನ ಕಡೆ ನೋಡಿದರು. ಅವಳು ಒಳಗಿನಿಂದ ಜೋಳದ ಬುಟ್ಟಿಯನ್ನೂ ತನ್ನ ಹಳೇ ಅಚ್ಚೇರನ್ನೂ ತಂದಿಟ್ಟಳು.

“ಅಳೀರಿ, ಸಾವ್ಕಾರ.”

ಅವನು ಗತ್ತಿನಿಂದ ಕೂತು ತುಂಬಿದ. ಮೇಲೆ ಅಂಗೈ ಆಡಿಸಿ ಸಮ ಮಾಡಿದ.

“ಕೈ ಹಂಗೇ ಇರ್ಲಿ,” ಎಂದರು ಅಜ್ಜಾರು. “ಈಗ ನೋಡು.”

ಚನಮಲ್ಲಪ್ಪ ನೋಡಿದ. ಅಚ್ಚೇರು ಹಿಡಿದ ಎಡಗೈಯ ಹೆಬ್ಬೆರಳು ಬುಡದ ತನಕ ಜೋಳದೊಳಗೆ ಹೂತುಕೊಂಡಿತ್ತು.

ಮೆಲ್ಲಗೆ ಬೆರಳು ತೆಗೆದ. ಕಾಳು ಜಾರಿ, ಅಚ್ಚೇರಿನ ಜೋಳ ಬೆರಳಿನಷ್ಟು ತಗ್ಗಿತು.

“ನಾ ಬೇಕಂತ ಇಟ್ಟಿದ್ದಲ್ರೀ, ಅಜ್ಜಾರ!”

“ಗೊತ್ತೈತಿ.”

“ಅಂಗಡ್ಯಾಗೂ ಹಿಂಗೇ ಅಳೀತಿದ್ರಿ ಸಾವ್ಕಾರ,” ಎಂದಳು ನಿಂಬವ್ವ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. “ಇಲ್ಲಿಗೆ ಬರೂ ಮೊದ್ಲು ಹದಿನೈದು ವರ್ಷ ನಾ ನಿಮ್ಮ ಗಿರಾಕಿ.”

ಅಂಗಡಿ ಬಿಟ್ಟಿದ್ದ, ಹೊಲ ಬಿಟ್ಟಿದ್ದ. ಹೆಬ್ಬೆರಳು ಮಾತ್ರ ಇನ್ನೂ ವ್ಯಾಪಾರ ಮಾಡುತ್ತಿತ್ತು, ಅದೂ ಪುಕ್ಕಟೆ ಕೊಡುವ ಜೋಳದಲ್ಲಿ.

“ಮೊದಲ ದಿನಾನೇ ಯಾಕ ಹೇಳ್ಲಿಲ್ರೀ?”

“ಹೇಳಿದ್ರ ನಾ ಮುಂದಿದ್ದಾಗಷ್ಟೇ ಬೆರಳು ತೆಗೀತಿದ್ದಿ.”

ಆಗ ಚನಮಲ್ಲಪ್ಪನಿಗೆ ಇನ್ನೊಂದು ಹೊಳೆಯಿತು. ತಾನು ಬಂದ ಮೇಲೆ ಅಜ್ಜಾರು ಒಂದು ರಾತ್ರಿಯೂ ಪಂಕ್ತಿಯಲ್ಲಿ ಊಟಕ್ಕೆ ಕೂತಿರಲಿಲ್ಲ. ಏನೋ ವ್ರತ ಇರಬೇಕು ಎಂದುಕೊಂಡಿದ್ದ. ಹನ್ನೆರಡು ಹೆಬ್ಬೆರಳಷ್ಟು ಜೋಳವೆಂದರೆ ಒಬ್ಬರ ಒಂದು ಹೊತ್ತಿನ ರೊಟ್ಟಿ.

ಆರು ತಿಂಗಳು. ಒಂದು ದಿನವೂ ತಪ್ಪದೆ. ಒಂದು ಮಾತೂ ಆಡದೆ.

ಮೂವತ್ತು ವರ್ಷದ ಬಜಾರಿನಲ್ಲಿ ಅವನು ತರತರದವರನ್ನು ಕಂಡಿದ್ದ. ಇನ್ನೊಬ್ಬನ ಅಳತೆ ತುಂಬಲಿ ಎಂದು ತಾವು ಹಸಿದಿರುವವರನ್ನು ಕಂಡಿರಲಿಲ್ಲ. ಎದುರಿಗೆ ನಿಂತ ಆ ಒಣಕಲು ಮುದುಕರು ಅವನಿಗೆ ಆ ಹೊತ್ತಿನಲ್ಲಿ ಗುಡ್ಡದಷ್ಟು ದೊಡ್ಡವರಾಗಿ ಕಂಡರು. ಮಣ್ಣಿಗೆ ಹಣೆ ಹಚ್ಚಿ ಅತ್ತ.

ಬಹಳ ಹೊತ್ತಿನ ಮೇಲೆ ತಲೆ ಎತ್ತಿದ.

“ಅಳತಿ ಕೆಲಸ ಬ್ಯಾರೇದವರಿಗೆ ಕೊಡ್ರೀ ಅಜ್ಜಾರ. ಈ ಕೈಯನ್ನ ಇನ್ನ ನಾನೇ ನಂಬಾಂಗಿಲ್ಲ.”

ಅಜ್ಜಾರು ಖಾಲಿಯಾದ ವಲ್ಲಿಯನ್ನು ಜಾಡಿಸಿ ಹೆಗಲಿಗೆ ಹಾಕಿಕೊಂಡರು.

“ನಾಳೆ ಮುಂಜಾನೇನೂ ನೀನೇ ಅಳೀಬೇಕು, ಚನಮಲ್ಲಪ್ಪ,” ಎಂದರು. “ನನಗ ಭಾಳ ಹಸಿವಾಗೈತಿ.”