ಗೀಜಗಗಳಿಗೆ ಬಂದ ಹುಲ್ಲಿನ ಅನುದಾನ

ಚಂಡಮಾರುತ ಗೀಜಗಗಳು ಗೂಡು ತೂಗುಹಾಕುತ್ತಿದ್ದ ಕೆರೆದಂಡೆಯ ಈಚಲು ಮರಗಳನ್ನೆಲ್ಲ ಕೆಡವಿಹಾಕಿತ್ತು. ಸಿಂಹರಾಜನ ಅನುದಾನ ಹೊತ್ತು ಆನೆ ಬಂದು, "ಮನೆಗೊಂದು ಹೊರೆ ಹುಲ್ಲು, ಸಾಲಾಗಿ ಬನ್ನಿ" ಎಂದಿತು. ಗಂಡು ಗೀಜಗಗಳು ಕೊಕ್ಕು ಚಾಚಿ ನಿಂತವು.

ಗಂಡು ನೇಯ್ದ ಗೂಡನ್ನು ಹೆಣ್ಣು ಪರೀಕ್ಷಿಸಿಯೇ ಒಪ್ಪುವುದು ಗೀಜಗಗಳ ಪದ್ಧತಿ. ಮೊಟ್ಟೆಯಿಡಲು ನೆಲೆಯಿಲ್ಲದೆ ಸಂಕಟಪಡುತ್ತಿದ್ದ ಹೆಣ್ಣು ಗೀಜಗವೊಂದು ಹುಲ್ಲನ್ನು ಜಗ್ಗಿ ನೋಡಿತು.

"ಹುಲ್ಲೇನೋ ಗಟ್ಟಿಯಿದೆ ಆನೆರಾಯರೇ, ಗೂಡು ತೂಗುಹಾಕುವುದು ನಿಮ್ಮ ಸೊಂಡಿಲಿಗೋ?"

ಆನೆ ತಬ್ಬಿಬ್ಬಾಯಿತು. "ಮತ್ತೇನು ಬೇಕು, ತಾಯಿ?"

"ಅರ್ಧ ಹುಲ್ಲು ಸಾಕು. ಈ ವರ್ಷ ಹೇಗೋ ಕೆರೆಯ ಜೊಂಡಿಗೇ ಗೂಡು ಕಟ್ಟಿಕೊಳ್ಳುತ್ತೇವೆ. ಉಳಿದರ್ಧದ ಬದಲಿಗೆ ಈಚಲು ಸಸಿ ನೆಡಿಸಿ."

"ಸಸಿ ಮರವಾಗುವ ಹೊತ್ತಿಗೆ ನೀನೇ ಇರುವುದಿಲ್ಲವಲ್ಲ."

"ಇರುವುದಿಲ್ಲ. ಮೊಟ್ಟೆಯಿಡುವುದು ಮತ್ತೆ ಯಾಕೆ ಅಂದುಕೊಂಡಿರಿ?"

ಆನೆ ಹೊರೆ ಇಳಿಸಿ, ಕೋರೆಯಿಂದ ಮೊದಲ ಗುಂಡಿ ತೋಡಿತು.